ಅಗ್ಗದ ಜ್ಯಾವ್‌ಜ ಅಂಗಡಿಯಲ್ಲಿ ಊಟ ಮಾಡುವುದು ಹೇಗೆ: ಉತ್ತರ ಚೀನಾಕ್ಕೆ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಮೊದಲ ಸಲ ಕೆಲಸದ ಮೇಲೆ ಈಶಾನ್ಯ ಚೀನಾದ ಶೆನ್ಯಾಂಗ್‌ಗೆ ಹೋದಾಗ ನಾನೂ ನನ್ನ ಜೊತೆಯವನೂ ಒಂದು ಪುಟ್ಟ ಅಂಗಡಿಗೆ ನುಗ್ಗಿ "ಒಂದು ಜಿನ್ ಜ್ಯಾವ್‌ಜ" ಅಂದೆವು. ಜ್ಯಾವ್‌ಜ ಅಂದ್ರೆ ಗೋಧಿ ಹಿಟ್ಟಿನ ಹಾಳೆಯಲ್ಲಿ ಹೂರಣ ತುಂಬಿ ಬೇಯಿಸಿದ ಚೀನೀ ಕಡುಬು. ಜಿನ್ ಅಂದ್ರೆ ಅರ್ಧ ಕಿಲೋ ಅನ್ನೋದು ಗೊತ್ತಿತ್ತು. ಇಬ್ಬರಿಗೆ ಅರ್ಧ ಕಿಲೋ, ತಲೆಗೆ ಕಾಲು ಕಿಲೋ, ಹಸಿದ ಹೊಟ್ಟೆಗೆ ಸರಿಯಾಗಿದೆ ಅಂದುಕೊಂಡೆವು. ಆರ್ಡರ್ ಬರೆದುಕೊಳ್ಳುತ್ತಿದ್ದ ಹೆಂಗಸು ಪೆನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ಒಮ್ಮೆ ಮೇಲಿಂದ ಕೆಳಗೆ ನೋಡಿ ಏನೋ ಕೇಳಿದರು. ಅರ್ಥವಾಗಲಿಲ್ಲ. ಅರ್ಥವಾಗದಿದ್ದಾಗ ತಲೆಯಾಡಿಸುವುದು ನಮ್ಮ ಹುಟ್ಟುಗುಣ ಅಲ್ವಾ, ಆಡಿಸಿದೆವು. 20 ನಿಮಿಷದ ಮೇಲೆ ಮೂರು ತಟ್ಟೆ ಬಂದವು. ಎಣಿಸಿದೆವು. 56 ಜ್ಯಾವ್‌ಜ. ಪಕ್ಕದ ಮೇಜಿನ ಅಜ್ಜ ಊಟ ಬಿಟ್ಟು ನಮ್ಮನ್ನೇ ನೋಡುತ್ತಾ ಕೂತ.

ಅವತ್ತಿನ ತಪ್ಪು ಏನು ಅನ್ನೋದನ್ನು ಮುಂದೆ ಹೇಳುತ್ತೇನೆ. ಆಮೇಲೆ ಎರಡು ಚಳಿಗಾಲ ಅದೇ ಊರಲ್ಲಿ ಕಳೆದೆ, ವಾರಕ್ಕೆ ಮೂರು ನಾಲ್ಕು ಸಲ ಇಂಥ ಅಂಗಡಿಗಳಲ್ಲೇ ಊಟ. ಬೀಜಿಂಗ್, ತ್ಯಾಂಜಿನ್, ದಾಲಿಯಾನ್, ಹಾರ್ಬಿನ್ ಕಡೆ ಓದುವುದಕ್ಕೋ ಕೆಲಸಕ್ಕೋ ಸುತ್ತಾಟಕ್ಕೋ ಹೋಗುವವರಿಗೆ ಇದಕ್ಕಿಂತ ಅಗ್ಗದ, ಬಿಸಿಬಿಸಿಯಾದ, ನಂಬಿ ತಿನ್ನಬಹುದಾದ ಊಟ ನನಗೆ ಗೊತ್ತಿಲ್ಲ.

ಮೊದಲು ತಲೆಯಿಂದ ಮೊಮೊ ತೆಗೆಯಿರಿ

ಬೈಲಕುಪ್ಪೆಯಲ್ಲೋ ಮುಂಡಗೋಡದಲ್ಲೋ ತಿಂದ ಮೊಮೊ, ಅಥವಾ ಬೆಂಗಳೂರಿನ ಫುಟ್‌ಪಾತ್ ಗಾಡಿಯ ಕೆಂಪು ಚಟ್ನಿ ಮೊಮೊ ನೆನಪಿಟ್ಟುಕೊಂಡು ಹೋದರೆ ನಿರಾಸೆಯಾಗುತ್ತದೆ. ಮೊಮೊ ನಮಗೆ ಸಾಯಂಕಾಲದ ತಿಂಡಿ. ಜ್ಯಾವ್‌ಜ ಅಲ್ಲಿಯವರಿಗೆ ಊಟ. ಮುಂದೆ ಅನ್ನ ಬರುವುದಿಲ್ಲ, ನೂಡಲ್ಸ್ ಬರುವುದಿಲ್ಲ, ಇದೇ ಮೊದಲು, ಇದೇ ಕೊನೆ. ಆಕಾರ ನೋಡಿದರೆ ಥೇಟ್ ಕರ್ಜಿಕಾಯಿ, ಆದರೆ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಸಾಮಾನ್ಯವಾಗಿ ಕುದಿಯುವ ನೀರಿನಲ್ಲಿ ಬೇಯಿಸುತ್ತಾರೆ. ಗೋಧಿ ಹಿಟ್ಟಿನ ಹಾಳೆ ಮೊಮೊಗಿಂತ ನುಣುಪು, ಹಲ್ಲಿಗೆ ಸ್ವಲ್ಪ ಜಗಿಯುವಂತೆ ಸಿಗುತ್ತದೆ.

ಇನ್ನೊಂದು ಮಾತು. ಗೋಬಿ ಮಂಚೂರಿ, ಶೆಜ್ವಾನ್ ಫ್ರೈಡ್ ರೈಸ್ ಇಲ್ಲಿ ಕೇಳಬೇಡಿ. ಸಿಗೋದಿಲ್ಲ. ತಮಾಷೆ ಅಂದ್ರೆ ಶೆನ್ಯಾಂಗ್ ಇರುವ ಆ ಈಶಾನ್ಯ ಭಾಗವನ್ನೇ ಹಿಂದೆ ಮಂಚೂರಿಯಾ ಅಂತ ಕರೆಯುತ್ತಿದ್ದರು. ಅಲ್ಲಿ ಮಂಚೂರಿ ಅಂದರೆ ಯಾರಿಗೂ ಗೊತ್ತಿಲ್ಲ.

ಹೊರಡುವ ಮುಂಚೆ ಫೋನ್ ಸರಿಮಾಡಿಕೊಳ್ಳಿ

ಇದನ್ನು ಹೊಟ್ಟೆ ಹಸಿದ ಮೇಲೆ ಮಾಡಲು ಹೋಗಬೇಡಿ. ಅಲ್ಲಿ ಗೂಗಲ್ ನಡೆಯುವುದಿಲ್ಲ, ಹಾಗಾಗಿ ಅನುವಾದದ ಆಪ್‌ನಲ್ಲಿ ಚೀನೀ ಭಾಷೆಯನ್ನು ಆಫ್‌ಲೈನ್ ಆಗಿ ಊರಿನಲ್ಲೇ ಇಳಿಸಿಕೊಂಡು ಹೋಗಿ. ಕ್ಯಾಮೆರಾ ಹಿಡಿದರೆ ಗೋಡೆಯ ಮೇಲಿನ ಮೆನು ಓದುವಂತಿರಬೇಕು. ಎರಡನೆಯದು ದುಡ್ಡು. ನಮ್ಮ ಯುಪಿಐ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಲಿಪೇ ಅಥವಾ ವೀಚಾಟ್ ಹಾಕಿಕೊಂಡು ನಿಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಸೇರಿಸಿ, ಬ್ಯಾಂಕಿನ ಆಪ್‌ನಲ್ಲಿ ಹೊರದೇಶದ ವ್ಯವಹಾರಕ್ಕೆ ಅನುಮತಿ ಕೊಟ್ಟಿದ್ದೀರಾ ಅಂತ ಎರಡು ಸಲ ನೋಡಿ. 200 ಯುವಾನ್‌ಗಿಂತ ಕಡಿಮೆ ಇದ್ದರೆ ಹೊರದೇಶದ ಕಾರ್ಡಿಗೂ ಅಲಿಪೇ ಹೆಚ್ಚುವರಿ ಶುಲ್ಕ ಹಾಕುವುದಿಲ್ಲ, ಮತ್ತು ಇಂಥ ಅಂಗಡಿಯಲ್ಲಿ ಒಬ್ಬರು 200 ಯುವಾನ್ ತಿನ್ನಬೇಕಾದರೆ ಭೀಮನೇ ಬರಬೇಕು. ಕೈಯಲ್ಲಿ ನೂರು ಯುವಾನ್ ಚಿಲ್ಲರೆ ನೋಟು ಇರಲಿ. ನಗದು ಬೇಡ ಅನ್ನುವಂತಿಲ್ಲ ಅಂತ ಅಲ್ಲಿ ಕಾನೂನೇ ಇದೆ, ಆದರೆ ಅಂಗಡಿಯವರ ಹತ್ತಿರ ಚಿಲ್ಲರೆ ಇರಬೇಕಲ್ಲ.

ಅಂಗಡಿ ಹುಡುಕುವುದು

ಬೋರ್ಡಿನಲ್ಲಿ ಎರಡು ಅಕ್ಷರ ನೋಡಿ. ಮೊದಲನೆಯದರ ಬಲಭಾಗ ಟೋಪಿ ಹಾಕಿಕೊಂಡು ಕಾಲು ಅಡ್ಡ ಹಾಕಿ ನಿಂತ ಮನುಷ್ಯನ ಹಾಗೆ ಇರುತ್ತದೆ. ಎರಡನೆಯದು ಎರಡೂ ಕೈ ಚಾಚಿದ ಮಗುವಿನ ಹಾಗೆ. ಅದರ ಚಿತ್ರ ಫೋನಿನಲ್ಲಿ ಇಟ್ಟುಕೊಂಡರೆ ಎರಡೇ ದಿನಕ್ಕೆ ಕಣ್ಣಿಗೆ ರೂಢಿಯಾಗುತ್ತದೆ. ದೊಡ್ಡ ರಸ್ತೆಗಿಂತ ಅದರ ಹಿಂದಿನ ಓಣಿಯಲ್ಲಿ, ಅಪಾರ್ಟ್‌ಮೆಂಟ್ ಗೇಟಿನ ಪಕ್ಕ, ಆಸ್ಪತ್ರೆ ಅಥವಾ ಕಾಲೇಜಿನ ಎದುರು ಖಂಡಿತ ಇರುತ್ತದೆ.

ಒಳಗೆ ಹೋಗುವ ಮುಂಚೆ ಗಾಜಿನಲ್ಲಿ ಇಣುಕಿ. ಇಬ್ಬರು ಮೂವರು ಹೆಂಗಸರು ಹಿಟ್ಟು ಚೆಲ್ಲಿದ ಮೇಜಿನ ಸುತ್ತ ಕೂತು ಕೈಯಲ್ಲೇ ಮಾಡುತ್ತಿದ್ದರೆ ಬಾಗಿಲು ತಳ್ಳಿ. ಅದನ್ನು ನೋಡುವುದೇ ಒಂದು ಚಂದ. ಒಬ್ಬಾಕೆ ನೆಲ್ಲಿಕಾಯಿ ಗಾತ್ರದ ಉಂಡೆ ತಗೊಂಡು ಗೇಣುದ್ದದ ಲಟ್ಟಣಿಗೆಯಲ್ಲಿ ಲಟ್ಟಿಸುತ್ತಾಳೆ. ಬಲಗೈ ಲಟ್ಟಣಿಗೆಯನ್ನು ನಡುಭಾಗದವರೆಗೆ ಮಾತ್ರ ಉರುಳಿಸುತ್ತದೆ, ಎಡಗೈ ಪ್ರತಿ ಸಲ ಹಾಳೆಯನ್ನು ಸ್ವಲ್ಪ ತಿರುಗಿಸುತ್ತದೆ. ಹಾಗಾಗಿ ನಡುವೆ ದಪ್ಪ, ಅಂಚು ತೆಳು. ನಡುವೆ ದಪ್ಪ ಇದ್ದರೆ ಹೂರಣದ ಭಾರಕ್ಕೆ ಒಡೆಯುವುದಿಲ್ಲ, ಅಂಚು ತೆಳುವಿದ್ದರೆ ಮಡಿಸಿದ ಜಾಗದಲ್ಲಿ ಹಸಿ ಹಿಟ್ಟು ಉಳಿಯುವುದಿಲ್ಲ. ಇನ್ನೊಬ್ಬಾಕೆ ಹೂರಣ ಇಟ್ಟು ಮಡಿಸಿ ಎರಡೂ ಹೆಬ್ಬೆರಳಿನ ಬುಡದಲ್ಲಿ ಒಂದೇ ಸಲ ಒತ್ತುತ್ತಾಳೆ, ಮುಗಿಯಿತು. ನಮ್ಮನೆಯಲ್ಲಿ ಒಂದು ಕರ್ಜಿಕಾಯಿಯ ಅಂಚು ಮಡಿಸುವಷ್ಟರಲ್ಲಿ ಅವರು ಹತ್ತು ಮುಗಿಸುತ್ತಾರೆ.

ಕೈಯಲ್ಲಿ ಮಾಡುವ ಗುರುತು ಕಾಣದಿದ್ದರೆ ಫ್ರೀಜರಿನ ಸರಕು ಇರಬಹುದು. ತಿನ್ನಬಾರದು ಅಂತೇನಿಲ್ಲ. ಆದರೆ ಅದೇ ದುಡ್ಡಿಗೆ ಮುಂದಿನ ಓಣಿಯಲ್ಲಿ ತಾಜಾ ಸಿಗುತ್ತದಲ್ಲ, ಸುಮ್ನೆ ಯಾಕೆ?

ಮಧ್ಯಾಹ್ನ 11:30ಕ್ಕೆಲ್ಲ ಅಲ್ಲಿ ಊಟದ ಹೊತ್ತು. ನಮ್ಮ ಹಾಗೆ ಎರಡು ಗಂಟೆಗೆ ಹೋದರೆ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿರುತ್ತಾರೆ. ರಾತ್ರಿಗೆ 6 ಗಂಟೆ ಸರಿ. ಇನ್ನೆರಡು ಎಚ್ಚರಿಕೆ. ಚೀನೀ ಹೊಸ ವರ್ಷದ ಹೊತ್ತಿಗೆ ಇಂಥ ಪುಟ್ಟ ಅಂಗಡಿಗಳು ಬಾಗಿಲು ಹಾಕಿ ಊರಿಗೆ ಹೋಗಿರುತ್ತವೆ. ಡಿಸೆಂಬರ್ 21 ಅಥವಾ 22ರ ದೊಂಗ್‌ಝರ್ ದಿನ, ಅಂದ್ರೆ ವರ್ಷದ ಅತಿ ಉದ್ದದ ರಾತ್ರಿಯ ದಿನ, ಜಾಗವೇ ಸಿಗುವುದಿಲ್ಲ. ಅವತ್ತು ಜ್ಯಾವ್‌ಜ ತಿನ್ನದಿದ್ದರೆ ಚಳಿಗೆ ಕಿವಿ ಉದುರುತ್ತದೆ ಅಂತ ಮಕ್ಕಳನ್ನು ಹೆದರಿಸುತ್ತಾರೆ. ಹಿಂದೆ ಝಾಂಗ್ ಝೋಂಗ್‌ಜಿಂಗ್ ಅನ್ನುವ ವೈದ್ಯರು ಚಳಿಗೆ ಕಿವಿ ಹುಣ್ಣಾದ ಬಡವರಿಗೆ ಕಿವಿಯ ಆಕಾರದ ಈ ತಿನಿಸು ಮಾಡಿ ಬಡಿಸಿದರು ಅನ್ನೋದು ಕಥೆ. ಶೆನ್ಯಾಂಗ್‌ನ ಚಳಿಯಲ್ಲಿ ಒಂದು ರಾತ್ರಿ ಬಸ್ಸಿಗೆ ಕಾದ ಮೇಲೆ ನಾನಂತೂ ಕಥೆಯನ್ನು ಪೂರ್ತಿ ನಂಬಿದೆ.

ಶೆನ್ಯಾಂಗ್‌ನಲ್ಲಿ 1829ರಲ್ಲಿ ಶುರುವಾದ ಲಾವ್ ಬ್ಯೆನ್ ಅನ್ನುವ ಹೆಸರಾಂತ ಜ್ಯಾವ್‌ಜ ಮನೆ ಇದೆ, ಹೂರಣವನ್ನು ಮೊದಲೇ ಹುರಿದು ತುಂಬುವುದು ಅವರ ವಿಶೇಷ. ಒಮ್ಮೆ ಹೋಗಿ ಬನ್ನಿ. ದಿನದ ಊಟಕ್ಕೆ ಓಣಿಯ ಅಂಗಡಿಯೇ ಸರಿ.

ಕೂರುವುದು

ಯಾರೂ ಬಂದು ಕೂರಿಸುವುದಿಲ್ಲ. ಖಾಲಿ ಕುರ್ಚಿ ಕಂಡಲ್ಲಿ ಕೂತುಬಿಡಿ. ನಮ್ಮ ದರ್ಶಿನಿಯ ಹಾಗೆ ಗುರುತಿಲ್ಲದವರ ಜೊತೆ ಮೇಜು ಹಂಚಿಕೊಳ್ಳುವುದು ಮಾಮೂಲು. ಕೆಲವು ಕಡೆ ಮೊದಲು ಕೌಂಟರಿನಲ್ಲಿ ಹೇಳಿ ದುಡ್ಡು ಕೊಡಬೇಕು, ಕೆಲವು ಕಡೆ ಮೇಜಿನ ಮೂಲೆಯಲ್ಲಿ ಅಂಟಿಸಿದ ಕ್ಯೂಆರ್ ಸ್ಕ್ಯಾನ್ ಮಾಡಬೇಕು, ಇನ್ನು ಕೆಲವು ಕಡೆ ಒಂದು ಚೀಟಿ ಮತ್ತು ಪೆನ್ಸಿಲ್ ಕೊಡುತ್ತಾರೆ. ಬೇರೆಯವರು ಏನು ಮಾಡುತ್ತಿದ್ದಾರೆ ಅಂತ ಎರಡು ನಿಮಿಷ ನೋಡಿದರೆ ಗೊತ್ತಾಗುತ್ತದೆ. ಕರೆಯಬೇಕಾದರೆ "ಫೂವೂಯ್ವೆನ್" ಅಂತ ಸ್ವಲ್ಪ ಗಟ್ಟಿಯಾಗಿಯೇ ಕೂಗಿ. ಮೆಲ್ಲಗೆ ಕೈ ಎತ್ತಿ ಮುಗುಳ್ನಕ್ಕರೆ ಸಂಜೆಯವರೆಗೂ ಮುಗುಳ್ನಗುತ್ತಲೇ ಇರಬೇಕಾಗುತ್ತದೆ.

ಲೆಕ್ಕ: ಇಲ್ಲೇ ನಾವು ಎಡವಿದ್ದು

ಹಳೇ ಪದ್ಧತಿಯ ಅಂಗಡಿಯಲ್ಲಿ ಜ್ಯಾವ್‌ಜವನ್ನು ತಟ್ಟೆಯ ಲೆಕ್ಕದಲ್ಲಿ ಮಾರುವುದಿಲ್ಲ, ಎಣಿಸಿಯೂ ಮಾರುವುದಿಲ್ಲ. ತೂಕದ ಲೆಕ್ಕ. ಒಂದು ಲ್ಯಾಂಗ್ ಅಂದ್ರೆ 50 ಗ್ರಾಂ. ಹತ್ತು ಲ್ಯಾಂಗ್ ಸೇರಿದರೆ ಒಂದು ಜಿನ್, 500 ಗ್ರಾಂ. ಗುಟ್ಟು ಏನಪ್ಪಾ ಅಂದ್ರೆ, ಆ ತೂಕ ನಿಮ್ಮ ತಟ್ಟೆಗೆ ಬರುವ ಜ್ಯಾವ್‌ಜದ್ದಲ್ಲ. ಅದಕ್ಕೆ ಬಳಸಿದ ಹಿಟ್ಟಿನದ್ದು. ಮನೆಯಲ್ಲಿ "ಇವತ್ತು ಎರಡು ಪಾವು ಇಡು" ಅಂದ್ರೆ ನಾವು ಅಕ್ಕಿಯ ಲೆಕ್ಕ ಹೇಳುತ್ತೇವಲ್ಲ, ಅನ್ನದ್ದಲ್ಲ, ಹಾಗೆ. 50 ಗ್ರಾಂ ಹಿಟ್ಟಿನಲ್ಲಿ ಐದಾರು ಜ್ಯಾವ್‌ಜ ಆಗುತ್ತವೆ, ಒಳಗಿನ ಹೂರಣ, ಹಿಟ್ಟು ಕುಡಿದ ನೀರು ಎಲ್ಲ ಅದರ ಮೇಲೆ. ಒಂದು ಜಿನ್ ಅಂದ್ರೆ ಅರ್ಧ ಕಿಲೋ ಹಿಟ್ಟು, 50–60 ಜ್ಯಾವ್‌ಜ. ನಮಗೆ ಬಂದ 56 ಲೆಕ್ಕಕ್ಕೆ ಸರಿಯಾಗಿಯೇ ಇತ್ತು.

ಹಿಂದೆ ಒಂದು ಜಿನ್‌ಗೆ 16 ಲ್ಯಾಂಗ್ ಇತ್ತು, 1959ರಲ್ಲಿ ಹತ್ತು ಮಾಡಿದರು. ನಮ್ಮ ಹಳೇ ಸೇರಿಗೂ 16 ಛಟಾಕು ಇತ್ತಲ್ಲ! ಇಬ್ಬರೂ ಅಷ್ಟಕ್ಕಷ್ಟೇ ಅನ್ನೋದಕ್ಕೆ ಅವರು ಇವತ್ತಿಗೂ "ಅರ್ಧ ಜಿನ್, ಎಂಟು ಲ್ಯಾಂಗ್" ಅಂತಾರೆ. ಲೆಕ್ಕ ಬದಲಾದರೂ ಗಾದೆ ಬದಲಾಗಿಲ್ಲ.

ಹಾಗಾದರೆ ಎಷ್ಟು ಹೇಳಬೇಕು? ಸಾಧಾರಣ ಹಸಿವಿಗೆ ಒಬ್ಬರಿಗೆ ಮೂರು ಲ್ಯಾಂಗ್, ಅಂದ್ರೆ 15–18. ಕಡಿಮೆ ತಿನ್ನುವವರಿಗೆ ಎರಡು. ನಾಲ್ಕು ಕೇಳಿದರೆ ಗಟ್ಟಿ ಆಸಾಮಿ. ಒಂದು ಬಗೆಗೆ ಕನಿಷ್ಠ ಎರಡು ಲ್ಯಾಂಗ್ ಹೇಳಲೇಬೇಕು ಅನ್ನುವ ಅಂಗಡಿಗಳಿವೆ, ಯಾಕೆಂದರೆ ಪ್ರತಿ ಹೂರಣವನ್ನೂ ಬೇರೆ ಬೇರೆಯಾಗಿ ಬೇಯಿಸಬೇಕು. ಇಬ್ಬರಿದ್ದರೆ ಒಳ್ಳೇದು: ತಲಾ ಒಂದು ಬಗೆ ಹೇಳಿ ಹಂಚಿಕೊಳ್ಳಿ. ಎರಡಕ್ಕೆ "ಅರ್ ಲ್ಯಾಂಗ್" ಅನ್ನಬೇಕು, ಮೂರಕ್ಕೆ "ಸಾನ್ ಲ್ಯಾಂಗ್". "ಲ್ಯಾಂಗ್ ಲ್ಯಾಂಗ್" ಅಂದರೆ ನಗುತ್ತಾರೆ. ಎರಡು ಅನ್ನುವುದಕ್ಕೂ ಲ್ಯಾಂಗ್ ಅನ್ನುವ ಇನ್ನೊಂದು ಪದ ಇದೆ, ಆದರೆ ಇಲ್ಲಿ ಅದು ಹೊಂದುವುದಿಲ್ಲ. "ಬಾನ್ ಜಿನ್" ಅಂದ್ರೆ ಅರ್ಧ ಜಿನ್, 25–30. ಅದನ್ನು ಅರ್ಧ ಪ್ಲೇಟ್ ಅಂದುಕೊಂಡು ಮಾತ್ರ ಹೇಳಬೇಡಿ.

ಈಗ ಬಹಳ ಅಂಗಡಿಗಳು ತಟ್ಟೆಯ ಲೆಕ್ಕಕ್ಕೆ ಬಂದಿವೆ. ಮೆನುವಿನಲ್ಲಿ ಬೆಲೆಯ ಪಕ್ಕ ಏನು ಬರೆದಿದೆ ಅಂತ ಕ್ಯಾಮೆರಾ ಹಿಡಿದು ನೋಡಿ, ಇಲ್ಲವಾದರೆ ಪಕ್ಕದವರ ತಟ್ಟೆ ತೋರಿಸಿ ಬೆರಳಲ್ಲಿ ಎಣಿಸಿ ಕೇಳಿ. ಬೆಲೆ ಊರಿಂದ ಊರಿಗೆ ಬೇರೆ, ಆದರೆ ಒಬ್ಬರ ಊಟ ಸುಮಾರು 20–40 ಯುವಾನ್‌ನಲ್ಲಿ ಮುಗಿಯುತ್ತದೆ. ಒಂದು ಯುವಾನ್‌ಗೆ 12–13 ರೂಪಾಯಿ ಅಂತ ಲೆಕ್ಕ ಹಾಕಿಕೊಳ್ಳಿ.

ಮತ್ತೆ ಆ ಹೆಂಗಸು ಅವತ್ತು ಕೇಳಿದ್ದು ಏನು? ತಿಂಗಳಾದ ಮೇಲೆ ಅದೇ ಮಾತು ಇನ್ನೊಂದು ಅಂಗಡಿಯಲ್ಲಿ ಕಿವಿಗೆ ಬಿತ್ತು, ಅಷ್ಟರಲ್ಲಿ ಅರ್ಥವಾಗುವಷ್ಟು ಭಾಷೆ ಬಂದಿತ್ತು. "ತಿಂದು ಮುಗಿಸ್ತೀರಾ?"

ಬೇಯಿಸುವ ಬಗೆ

ಶ್ವೇಜ್ಯಾವ್ ಅಂದ್ರೆ ನೀರಿನಲ್ಲಿ ಬೇಯಿಸಿದ್ದು, ಝಂಗ್‌ಜ್ಯಾವ್ ಹಬೆಯದು, ಗ್ವೋಥ್ಯೆ ಅಥವಾ ಜ್ಯೆನ್‌ಜ್ಯಾವ್ ಅಂದ್ರೆ ಕಾವಲಿಯಲ್ಲಿ ಅಡಿ ಗರಿಯಾಗುವಂತೆ ಹುರಿದದ್ದು. ಮೊದಲ ಸಲ ನೀರಿನದ್ದನ್ನೇ ತಿನ್ನಿ. ಅಂಗಡಿಯ ಕೈಗುಣ ಅದರಲ್ಲೇ ತಿಳಿಯುವುದು, ಎಣ್ಣೆಯಲ್ಲಿ ಏನು ಹುರಿದರೂ ರುಚಿಯೇ ಅಲ್ವಾ.

ಹೆಸರು ಹೇಳುವಾಗ ಸ್ವರ ಏರಿಳಿತದ ಬಗ್ಗೆ ಹುಷಾರು. ಅದೇ "ಶ್ವೇಜ್ಯಾವ್" ಅನ್ನು ಎರಡೂ ಕಡೆ ಸ್ವರ ಇಳಿಸಿ ಹೇಳಿದರೆ ಮಲಗುವುದು ಅಂತ ಅರ್ಥ. ಕೌಂಟರಿನಲ್ಲಿ ನಿಂತು ಮಲಗುವುದಕ್ಕೆ ಎಷ್ಟು ಅಂತ ಕೇಳಿದ ಹೊರಗಿನವರ ಕಥೆ ಪ್ರತಿ ಊರಲ್ಲೂ ಇದೆ. ಸಂಶಯವಿದ್ದರೆ ಬೆರಳಲ್ಲಿ ತೋರಿಸಿ.

ಒಲೆಯ ಕಡೆ ಕಣ್ಣಾಡಿಸಿ. ಜ್ಯಾವ್‌ಜ ಹಾಕಿದ ನೀರು ಕುದಿದು ಮೇಲೆ ಬಂದಾಗ ಒಂದು ಸೌಟು ತಣ್ಣೀರು ಹಾಕುತ್ತಾರೆ, ಮತ್ತೆ ಕುದಿ ಬಂದಾಗ ಮತ್ತೊಂದು, ಹೀಗೆ ಮೂರು ಸಲ. ಒಂದೇ ಸಮ ಕೊತಕೊತ ಕುದಿದರೆ ಹಾಳೆ ಒಡೆಯುತ್ತದೆ, ಒಳಗಿನದು ಬೆಂದಿರುವುದಿಲ್ಲ. ಇದಕ್ಕೆಲ್ಲ ಹೊತ್ತು ಹಿಡಿಯುತ್ತದೆ. ಅವಸರ ಮಾಡಬೇಡಿ.

ಹೂರಣ

ಮೆನುವಿನಲ್ಲಿ 20–30 ಬಗೆ ಇರುತ್ತವೆ. ಹೆದರಬೇಡಿ. ಒಂದು ಮಾಂಸ, ಒಂದು ತರಕಾರಿ, ಇವೆರಡರ ಜೋಡಿ ಅಷ್ಟೆ. ಮಾಂಸದ ಹೆಸರು ಕಲಿತರೆ ಅರ್ಧ ಮೆನು ಬಂದ ಹಾಗೆ. ಝೂ ರೋ ಹಂದಿ, ಯಾಂಗ್ ರೋ ಕುರಿ, ನ್ಯೂ ರೋ ದನ, ಜೀ ದಾನ್ ಮೊಟ್ಟೆ, ಶ್ಯಾ ಸೀಗಡಿ. ಬರೀ "ರೋ" ಅಂತ ಇದ್ದರೆ ಅದು ಹಂದಿಯೇ, ಅಲ್ಲಿ ಮಾಂಸ ಅಂದ್ರೆ ಹಂದಿ ಅಂತಲೇ ಲೆಕ್ಕ. ಕೋಳಿ ಹೂರಣ ಅಪರೂಪ, ಹುಡುಕಿ ಸುಸ್ತಾಗಬೇಡಿ.

ಹಂದಿ ತಿನ್ನುವವರು ಶುರುವಿಗೆ ಕೋಸಿನ ಜೊತೆಗಿನದು, ಝೂ ರೋ ಬಾಯ್ ತ್ಸಾಯ್, ತಗೊಳ್ಳಿ. ಸೌಮ್ಯ ರುಚಿ. ಈಶಾನ್ಯದ ಊರುಗಳಲ್ಲಿ ಇದ್ದರೆ ಸ್ವಾನ್ ತ್ಸಾಯ್ ಬಿಡಲೇಬೇಡಿ. ಚಳಿಗಾಲಕ್ಕೆಂದು ದೊಡ್ಡ ಜಾಡಿಗಳಲ್ಲಿ ಹುಳಿ ಬರಿಸಿದ ಕೋಸು ಅದು. ಹಂದಿಯ ಜಿಡ್ಡಿಗೆ ಆ ಹುಳಿ ಹೇಗೆ ಕೂರುತ್ತದೆ ಅಂದರೆ, ಪಂದಿಕರಿಗೆ ಕಾಚಂಪುಳಿ ಕೂರುವ ಹಾಗೆ. ಕೊಡಗಿನವರಿಗೆ ಇನ್ನು ಬಿಡಿಸಿ ಹೇಳಬೇಕಿಲ್ಲ.

ಹಂದಿಯೂ ಬೇಡ, ದನವೂ ಬೇಡ ಅನ್ನುವವರೇ ನಮ್ಮಲ್ಲಿ ಜಾಸ್ತಿ. ನಿಮಗೆ ಕುರಿ ಇದೆ. ಈರುಳ್ಳಿ ಸೊಪ್ಪಿನ ಜೊತೆ ಅಥವಾ ಗಜ್ಜರಿಯ ಜೊತೆ ಬರುತ್ತದೆ, ಚಳಿಯಲ್ಲಿ ಅದರಷ್ಟು ಹಿತ ಬೇರೆ ಇಲ್ಲ. ಹಂದಿಯ ಪಾತ್ರೆಯೂ ತಾಗಬಾರದು ಅಂದರೆ "ಚಿಂಗ್ ಝೆನ್" ಅಂಗಡಿಗೆ ಹೋಗಿ. ಅದು ಮುಸ್ಲಿಮರ ಹಲಾಲ್ ಹೋಟೆಲ್. ಹಿಂದೆ ಸಾಮಾನ್ಯವಾಗಿ ಬೋರ್ಡಿನಲ್ಲಿ ಅರಬ್ಬಿ ಅಕ್ಷರ ಇರುತ್ತಿತ್ತು, 2019ರ ಸುಮಾರಿಗೆ ಬಹಳ ಕಡೆ ತೆಗೆಸಿದರು. ಅಲ್ಲಿ ಹಂದಿ ಇರುವುದಿಲ್ಲ, ದನ ಇರುತ್ತದೆ ಅನ್ನೋದು ನೆನಪಿರಲಿ.

ಕರಾವಳಿಯವರಿಗೆ ಒಂದು ಗುಟ್ಟು. ದಾಲಿಯಾನ್, ಚಿಂಗ್‌ದಾವ್, ಯಾನ್‌ಥಾಯ್ ಕಡೆ ಹೋದರೆ "ಬಾ ಯೂ" ಜ್ಯಾವ್‌ಜ ಕೇಳಿ. ಅದು ನಮ್ಮ ಅಂಜಲ್ ಮೀನಿನ ಹತ್ತಿರದ ನೆಂಟ. ಮೀನನ್ನು ಮುಳ್ಳು ತೆಗೆದು ನುಣ್ಣಗೆ ಕಲಸಿ ತುಂಬುತ್ತಾರೆ. ಬೇರೆ ಕಡೆಯದಕ್ಕಿಂತ ಗಾತ್ರ ದೊಡ್ಡದು, ಹತ್ತು ತಿಂದರೆ ಸಾಕು ಅನ್ನಿಸುತ್ತದೆ.

ಸಸ್ಯಾಹಾರಿಗಳಿಗೆ, ಮುಚ್ಚುಮರೆಯಿಲ್ಲದೆ

"ಸೂ" ಅಂದ್ರೆ ಮಾಂಸ ಇಲ್ಲದ್ದು. ಮೊಟ್ಟೆ ಅದರೊಳಗೆ ಸೇರಿಕೊಳ್ಳುತ್ತದೆ. ಮೊಟ್ಟೆ ತಿನ್ನುವ ಸಸ್ಯಾಹಾರಿಗಳಿಗೆ ಇಲ್ಲಿ ಹಬ್ಬ. ಜ್ಯೂ ತ್ಸಾಯ್ ಜೀ ದಾನ್ ಅಂದ್ರೆ ಬೆಳ್ಳುಳ್ಳಿ ವಾಸನೆಯ ಚಪ್ಪಟೆ ಹಸಿರು ಸೊಪ್ಪು ಮತ್ತು ಮೊಟ್ಟೆ. ಶೀ ಹೊಂಗ್ ಶರ್ ಜೀ ದಾನ್ ಟೊಮೆಟೊ ಮೊಟ್ಟೆ, ಒಳಗೆ ರಸ ತುಂಬಿರುತ್ತದೆ, ನಾಲಿಗೆ ಸುಟ್ಟುಕೊಳ್ಳಬೇಡಿ. ನನಗೆ ತುಂಬ ಹಿಡಿಸಿದ್ದು ಹ್ವೇ ಶ್ಯಾಂಗ್ ಜೀ ದಾನ್. ಬೀಜಿಂಗ್, ತ್ಯಾಂಜಿನ್ ಕಡೆ ಜಾಸ್ತಿ. ಹ್ವೇ ಶ್ಯಾಂಗ್ ಅಂದ್ರೆ ಸೋಂಪಿನ ಗಿಡದ ಎಳೆ ಸೊಪ್ಪು. ನೋಡಲು ಸಬ್ಬಸಿಗೆಯ ತದ್ರೂಪು, ಪರಿಮಳವೂ ಅದೇ ದಾರಿಯದ್ದು. ಮೊದಲ ತುತ್ತಿಗೆ ನನಗೆ ಅಮ್ಮನ ಸಬ್ಬಸಿಗೆ ಸೊಪ್ಪಿನ ಅಕ್ಕಿರೊಟ್ಟಿ ನೆನಪಾಗಿ ಒಂದು ಕ್ಷಣ ಸುಮ್ಮನೆ ಕೂತೆ.

ಈಗ ಕಹಿ ಸುದ್ದಿ. ಮೊಟ್ಟೆ ಮತ್ತು ಸೊಪ್ಪಿನ ಹೂರಣಕ್ಕೆ ರುಚಿಗೆಂದು "ಶ್ಯಾ ಪೀ" ಹಾಕುವ ರೂಢಿ ಇದೆ. ಅದು ಒಣ ಸೀಗಡಿ, ಬಲು ಸಣ್ಣದು, ಕಣ್ಣಿಗೆ ಬೀಳುವುದೇ ಇಲ್ಲ. ಅಲ್ಲಿಯವರ ಮಟ್ಟಿಗೆ ಅದು ಉಪ್ಪಿನ ಹಾಗೆ, ಮಾಂಸ ಅಂತ ಅನ್ನಿಸುವುದೇ ಇಲ್ಲ. "ಯೋ ಮೇ ಯೋ ಶ್ಯಾ ಪೀ?" ಅಂತ ಕೇಳಿ. "ಮೇ ಯೋ" ಅಂದರೆ ಇಲ್ಲ. "ಯೋ" ಅಂದರೆ ಇದೆ, ಬೇರೆ ಹೇಳಿ. ಇನ್ನೂ ಒಂದು ವಿಷಯ: ಎಲ್ಲ ಬಗೆಯೂ ಬೇಯುವುದು ಅದೇ ಹಂಡೆಯಲ್ಲಿ, ಅದೇ ನೀರಿನಲ್ಲಿ. ನೀವು ಒಬ್ಬರೇ ಸಸ್ಯಾಹಾರಿ ಅಂತ ಅವರು ಬೇರೆ ಪಾತ್ರೆ ಇಡುವುದಿಲ್ಲ. ಅದು ಆಗದು ಅನ್ನುವವರು, ಮೊಟ್ಟೆ ಬೇಡ ಅನ್ನುವವರು, ಈರುಳ್ಳಿ ಬೆಳ್ಳುಳ್ಳಿಯೂ ಬೇಡ ಅನ್ನುವವರು ಈ ಅಂಗಡಿಗಳನ್ನು ಬಿಟ್ಟು ಬೌದ್ಧರ ಸಸ್ಯಾಹಾರಿ ಹೋಟೆಲ್ ಹುಡುಕಿ. ಅವರಲ್ಲೂ ಮಡಿ ಇದೆ, ಈರುಳ್ಳಿ, ಬೆಳ್ಳುಳ್ಳಿ, ಜ್ಯೂ ತ್ಸಾಯ್ ಎಲ್ಲ ನಿಷಿದ್ಧ. ಏಕಾದಶಿ ಮನೆಯವರಿಗೆ ಹೇಳಿ ಮಾಡಿಸಿದ ಜಾಗ.

ಪಕ್ಕಕ್ಕೆ ಏನು

ಒಂದೇ ಒಂದು ತಣ್ಣನೆಯ ತಟ್ಟೆ ಸಾಕು. ಪಾಯ್ ಹ್ವಾಂಗ್ ಗ್ವಾ ಅಂದ್ರೆ ಸೌತೆಕಾಯಿಯನ್ನು ಚಾಕುವಿನ ಅಗಲದಲ್ಲಿ ಜಜ್ಜಿ ಬೆಳ್ಳುಳ್ಳಿ, ವಿನಿಗರ್ ಹಾಕಿದ್ದು. ಸಾಕಷ್ಟು ಕಡೆ ಕೌಂಟರಿನ ಗಾಜಿನ ಹಿಂದೆ ಹುರಿದ ಕಡಲೆಕಾಯಿ, ತೋಫು ಎಳೆ, ಸಮುದ್ರದ ಪಾಚಿ ಎಲ್ಲ ಇಟ್ಟಿರುತ್ತಾರೆ, ಬೆರಳು ತೋರಿಸಿದರೆ ಆಯಿತು. ಜ್ಯಾವ್‌ಜ ಬೇಯುವವರೆಗೆ ಇದೇ ಹೊತ್ತು ಕಳೆಯುವ ದಾರಿ.

ಬಟ್ಟಲಲ್ಲಿ ಕಲಸುವುದು

ಮೇಜಿನ ಮೇಲೆ ಎರಡು ಹೂಜಿ ಇರುತ್ತವೆ, ಎರಡರಲ್ಲೂ ಕಪ್ಪು ನೀರು. ಒಂದು ವಿನಿಗರ್, ಒಂದು ಸೋಯಾ ಸಾಸ್. ಮೂಸಿ ನೋಡಿ ಹಾಕಿಕೊಳ್ಳಿ. ನಾನು ಮೊದಲ ವಾರ ಬಟ್ಟಲು ತುಂಬ ಸೋಯಾ ಸುರಿದುಕೊಂಡು, ಈ ಜನ ಇಷ್ಟು ಉಪ್ಪು ಹೇಗೆ ತಿಂತಾರಪ್ಪಾ ಅಂತ ಬೈದುಕೊಂಡು ತಿಂದಿದ್ದೆ.

ವಿನಿಗರ್ ಅಂದ ಕೂಡಲೇ ನಮ್ಮ ಗಾಡಿಗಳಲ್ಲಿ ಹಸಿಮೆಣಸಿನಕಾಯಿ ಮುಳುಗಿಸಿಟ್ಟ ಆ ಬಿಳಿ ಆಸಿಡ್ ನೆನೆಯಬೇಡಿ. ಶಾನ್ಶಿ ಪ್ರಾಂತ್ಯದ ಹಳೇ ವಿನಿಗರ್ ಜೋಳದಿಂದ ಮಾಡುವುದು, ಹೌದು, ನಮ್ಮ ರೊಟ್ಟಿಯ ಜೋಳವೇ. ಝೆನ್‌ಜ್ಯಾಂಗ್‌ನದು ಅಂಟಕ್ಕಿಯಿಂದ. ಎರಡಕ್ಕೂ ಹುಳಿಯ ಹಿಂದೆ ಒಂದು ಸಣ್ಣ ಸಿಹಿ, ಬೆಲ್ಲದ ಪಾಕದಂಥ ವಾಸನೆ ಇರುತ್ತದೆ. ನನ್ನ ಅಳತೆ ಇದು: ಮೂರು ಭಾಗ ವಿನಿಗರ್, ನಾಲ್ಕೇ ಹನಿ ಸೋಯಾ, ಒಂದು ಚಮಚ ಮೆಣಸಿನ ಎಣ್ಣೆ, ತಳದ ಗಸಿ ಸಮೇತ. ಹೂರಣದಲ್ಲಿ ಆಗಲೇ ಉಪ್ಪು ಇದೆ, ಸೋಯಾ ಜಾಸ್ತಿ ಬೇಡ.

ಹಸಿ ಬೆಳ್ಳುಳ್ಳಿ ಬುಟ್ಟಿಯಲ್ಲಿ ಇಟ್ಟಿರುತ್ತಾರೆ. ನೀವೇ ಸುಲಿದು, ಒಂದು ಕಚ್ಚು ಜ್ಯಾವ್‌ಜ, ಒಂದು ಕಚ್ಚು ಬೆಳ್ಳುಳ್ಳಿ. ಖಡಕ್ ರೊಟ್ಟಿಗೆ ಹಸಿ ಈರುಳ್ಳಿ ಕಡಿಯುವ ನಮ್ಮ ಉತ್ತರ ಕರ್ನಾಟಕದವರಿಗೆ ಇದು ಕಲಿಸಬೇಕಾದ ವಿದ್ಯೆಯಲ್ಲ. ಚಳಿಗಾಲದಲ್ಲಿ ಕೆಲವು ಕಡೆ ಹಸಿರು ಬಣ್ಣದ ಬೆಳ್ಳುಳ್ಳಿ ಕೊಡುತ್ತಾರೆ. ಕೆಟ್ಟಿದೆ ಅಂತ ಪಕ್ಕಕ್ಕೆ ತಳ್ಳಬೇಡಿ. ಅವರ ಹನ್ನೆರಡನೇ ತಿಂಗಳ ಎಂಟನೇ ದಿನ, ಲಾಬಾ ಅಂತ ಕರೆಯುತ್ತಾರೆ, ವಿನಿಗರ್‌ನಲ್ಲಿ ನೆನೆಹಾಕಿದ್ದು. ಚಳಿಯಲ್ಲಿಟ್ಟ ಬೆಳ್ಳುಳ್ಳಿ ಹುಳಿಯ ಜೊತೆ ಸೇರಿದಾಗ ತಾನಾಗಿಯೇ ಹಸಿರಾಗುತ್ತದೆ. ಘಾಟು ಇಳಿದಿರುತ್ತದೆ, ಉಪ್ಪಿನಕಾಯಿಯ ಹಾಗೆ ಒಂದಾದ ಮೇಲೊಂದು ತಿನ್ನಬಹುದು. ಆ ವಿನಿಗರ್ ಅನ್ನೂ ಬಟ್ಟಲಿಗೆ ಸುರಿದುಕೊಳ್ಳಿ.

ತಿನ್ನುವುದು

ಬಂದ ಕೂಡಲೇ ತಟ್ಟೆಯನ್ನು ಒಮ್ಮೆ ಮೆಲ್ಲಗೆ ಅಲ್ಲಾಡಿಸಿ. ತಣ್ಣಗಾದಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆಮೇಲೆ ಬಿಡಿಸಲು ಹೋದರೆ ಹಾಳೆ ಹರಿದು ಹೂರಣ ತಟ್ಟೆಗೆ. ಅದಕ್ಕೇ ಫೋಟೋ ತೆಗೆಯುತ್ತಾ ಕೂರಬೇಡಿ. ಕಡ್ಡಿಯಲ್ಲಿ ಅಡ್ಡಡ್ಡ ನಡು ಹಿಡಿದರೆ ಜಾರುತ್ತದೆ, ಉದ್ದಕ್ಕೆ ಮಡಿಕೆಯ ಪಕ್ಕದಲ್ಲಿ ಹಿಡಿಯಿರಿ, ಕೆಳಗೆ ಬಟ್ಟಲು ಒಡ್ಡಿ. ಕಡ್ಡಿ ಬರದಿದ್ದರೆ "ಶಾವ್‌ಜ" ಅಂತ ಚಮಚ ಕೇಳಿ, ನಾಚಿಕೆ ಏನೂ ಇಲ್ಲ. ಕಡ್ಡಿಯನ್ನು ಆಹಾರದಲ್ಲಿ ನೆಟ್ಟಗೆ ಚುಚ್ಚಿ ಮಾತ್ರ ಬಿಡಬೇಡಿ, ಅದು ಸತ್ತವರಿಗೆ ಊದುಬತ್ತಿ ಹಚ್ಚಿದ ಹಾಗೆ ಕಾಣುತ್ತದೆ.

ಮೊದಲು ತುದಿಯನ್ನು ಚೂರು ಕಚ್ಚಿ, ಆವಿ ಹೋಗಲಿ. ಒಳಗಿನ ರಸ ಹೀರಿ, ಕಚ್ಚಿದ ಬಾಯಿಗೆ ನಾಲ್ಕು ಹನಿ ವಿನಿಗರ್ ಬಿಡಿ, ಆಮೇಲೆ ಉಳಿದದ್ದು ಬಾಯಿಗೆ. ಇಡೀ ಜ್ಯಾವ್‌ಜವನ್ನು ಸಾಸಿನಲ್ಲಿ ಮುಳುಗಿಸಿದರೆ ಸಾಸಿನ ರುಚಿ ಮಾತ್ರ ಸಿಗುತ್ತದೆ.

ಬೇಯಿಸಿದ ನೀರು ಕುಡಿಯಿರಿ

ತಿಂದು ಮುಗಿಯುವ ಹೊತ್ತಿಗೆ "ಜ್ಯಾವ್‌ಜ ಥಾಂಗ್" ಕೇಳಿ. ಜ್ಯಾವ್‌ಜ ಬೇಯಿಸಿದ ನೀರು, ಬಿಟ್ಟಿ. ಬೆಳ್ಳಗೆ ಮಂದವಾಗಿ, ಅನ್ನ ಬಸಿದ ಗಂಜಿಯ ಹಾಗೆ ಇರುತ್ತದೆ, ಉಪ್ಪಿಲ್ಲ. ಯಾವುದರಲ್ಲಿ ಬೆಂದಿತೋ ಆ ನೀರೇ ಅದನ್ನು ಅರಗಿಸುತ್ತದೆ ಅನ್ನೋದು ಅಲ್ಲಿಯ ಮಾತು. ಅರಗಿಸುತ್ತದೋ ಇಲ್ಲವೋ, ಬೆಳ್ಳುಳ್ಳಿ ಮತ್ತು ಮೆಣಸಿನ ಎಣ್ಣೆ ಆದ ಮೇಲೆ ಆ ಬಿಸಿ ಸಪ್ಪೆ ನೀರು ಗಂಟಲಲ್ಲಿ ಇಳಿಯುವ ಸುಖವೇ ಬೇರೆ. ಸಸ್ಯಾಹಾರಿಗಳು ಬೇಡ, ಹಂಡೆ ಒಂದೇ ಅಂತ ಹೇಳಿದೆನಲ್ಲ.

ದುಡ್ಡು ಮತ್ತು ಪಾರ್ಸಲ್

ಟಿಪ್ಸ್ ಕೊಡುವ ರೂಢಿ ಇಲ್ಲ. ಬಿಟ್ಟು ಬಂದರೆ ದುಡ್ಡು ಮರೆತಿರಿ ಅಂತ ಓಡಿ ಬಂದು ಕೊಡುತ್ತಾರೆ. ಅಲ್ಲಿಯ ಗೆಳೆಯರ ಜೊತೆ ಹೋದರೆ ಬಿಲ್ಲಿಗೆ ಜಗಳ ನಡೆದೇ ನಡೆಯುತ್ತದೆ, ನಮ್ಮಲ್ಲಿ ನಡೆಯುವುದಕ್ಕಿಂತ ಜೋರಾಗಿ. ಆದರೆ ನೀವು ಊರಿಗೆ ಹೊರಡುವ ಹಿಂದಿನ ದಿನ ಕರೆದುಕೊಂಡು ಹೋದರೆ ಸೋತುಬಿಡಿ. ಹೊರಡುವವರಿಗೆ ಜ್ಯಾವ್‌ಜ, ಬಂದವರಿಗೆ ನೂಡಲ್ಸ್ ಅಂತ ಅವರಲ್ಲಿ ಪದ್ಧತಿ. ಅದು ಬೀಳ್ಕೊಡುವ ಊಟ, ಅದಕ್ಕೆ ನೀವು ದುಡ್ಡು ಕೊಟ್ಟರೆ ಬೇಜಾರಾಗುತ್ತಾರೆ.

ಉಳಿದರೆ "ದಾ ಬಾವ್" ಅನ್ನಿ. ಡಬ್ಬಿಗೆ ಒಂದೆರಡು ಯುವಾನ್ ಕೇಳಬಹುದು. ನಮ್ಮ 56ರಲ್ಲಿ 19 ಹಾಗೆ ರೂಮಿಗೆ ಬಂದವು. ಮರುದಿನ ಮೈಕ್ರೋವೇವ್‌ಗೆ ಹಾಕಿದೆವು, ಅಂಚೆಲ್ಲ ಚಪ್ಪಲಿಯ ತೊಗಲಿನ ಹಾಗಾಯಿತು. ನೀವು ಹಾಗೆ ಮಾಡಬೇಡಿ. ಕಾವಲಿಗೆ ಎರಡು ಚಮಚ ಎಣ್ಣೆ ಹಾಕಿ ಜ್ಯಾವ್‌ಜ ಜೋಡಿಸಿ, ಅಡಿ ಸ್ವಲ್ಪ ಕೆಂಪಾದಾಗ ಮೂರು ಚಮಚ ನೀರು ಚಿಮುಕಿಸಿ ಮುಚ್ಚಳ ಮುಚ್ಚಿ. ಚುರ್ ಅನ್ನುವ ಸದ್ದು ನಿಂತ ಮೇಲೆ ಮುಚ್ಚಳ ತೆಗೆದು ಇನ್ನೊಂದು ನಿಮಿಷ ಬಿಡಿ. ಮೇಲೆ ಮೆತ್ತಗೆ, ಅಡಿ ಗರಿಗರಿ. ನಿನ್ನೆಯದಕ್ಕಿಂತ ಇದೇ ಚೆನ್ನಾಗಿದೆ ಅಂತ ನನ್ನ ಜೊತೆಯವನು ಆಮೇಲೆ ಬೇಕಂತಲೇ ಐದಾರು ಜಾಸ್ತಿ ಹೇಳಲು ಶುರುಮಾಡಿದ.